ಉಸಿರಿನ ಸದ್ದಿಗೆ ಕಿವಿಗೊಟ್ಟ ಟೆಲಿಫೋನ್ ಆಪರೇಟರ್

ಬೆಳಗಿನ ಆರೂವರೆ. ಆಸ್ಪತ್ರೆಯ ಹೊರರೋಗಿ ವಿಭಾಗ ತೆರೆಯಲು ಇನ್ನೂ ಒಂದೂವರೆ ಗಂಟೆ ಇದೆ. ಮೊದಲ ಮಹಡಿಯ ಕೊನೆಯ ಕೋಣೆಯಲ್ಲಿ ಆಕೆ ಮತ್ತು ಅವರ ಬಗ್ಗೆ ಬರೆಯಲು ಬಂದ ನಾನು, ಇಬ್ಬರೇ ಇದ್ದೇವೆ. ಆಕೆ ಫ್ಯಾನ್ ಆರಿಸುತ್ತಾರೆ. ಕಿಟಕಿಯ ಸಂದಿಗೆ ಮಡಚಿದ ಬಟ್ಟೆ ತುರುಕುತ್ತಾರೆ. ಗೋಡೆ ಗಡಿಯಾರವನ್ನು ಇಳಿಸಿ ಪಕ್ಕದ ಕೋಣೆಯ ಮೇಜಿನ ಮೇಲಿಟ್ಟು ಬರುತ್ತಾರೆ. ಆಮೇಲೆ ಕಣ್ಣು ಮುಚ್ಚಿ ಒಂದು ನಿಮಿಷ ಸುಮ್ಮನೆ ನಿಲ್ಲುತ್ತಾರೆ. ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿದೆ. ಹುಡುಕಿಕೊಂಡು ಹೋಗಿ ಅದನ್ನು ಬಿಗಿ ಮಾಡಿ ಬಂದ ಮೇಲೆಯೇ ಅವರಿಗೆ ಸಮಾಧಾನ.

"ಈಗ ಕೋಣೆ ತಯಾರು. ಇನ್ನು ಇಲ್ಲಿ ಸದ್ದು ಮಾಡೋ ಹಕ್ಕು ಎದೆಗೆ ಮಾತ್ರ," ಎನ್ನುತ್ತಾರೆ.

ಆಕೆಗೆ ಐವತ್ತೇಳು. ರೋಗಿಗಳ ಬಾಯಲ್ಲಿ ಉಸಿರಕ್ಕ. ಅಸ್ತಮಾ ಇರುವವರ ಕುತ್ತಿಗೆಗೆ, ಬೆನ್ನಿಗೆ ನಾಣ್ಯದಗಲದ ಮೈಕು ಅಂಟಿಸಿ, ಉಸಿರಾಟದ ಸದ್ದನ್ನು ಧ್ವನಿಮುದ್ರಿಸಿ, ಶ್ವಾಸನಾಳ ಎಷ್ಟು ಬಿಗಿದಿದೆ ಎಂದು ಕೇಳಿ ಗುರುತು ಹಾಕುವುದು ಅವರ ಕೆಲಸ. ಶ್ವಾಸಕೋಶದ ಶಕ್ತಿ ಅಳೆಯಲು ಕೊಳವೆಗೆ ಜೋರಾಗಿ ಊದುವ ಯಂತ್ರ ಪಕ್ಕದಲ್ಲೇ ಇದೆ. ಆದರೆ ಊದುವುದು ಎಲ್ಲರ ಕೈಲೂ ಆಗುವುದಿಲ್ಲ. ಮೂರು ವರ್ಷದ ಮಗು ಕೊಳವೆಯನ್ನು ಕಚ್ಚುತ್ತದೆ. ಹಲ್ಲಿಲ್ಲದ ಅಜ್ಜನ ತುಟಿಯ ಪಕ್ಕದಿಂದ ಗಾಳಿ ಸೋರಿಹೋಗುತ್ತದೆ. ಏದುಸಿರು ಬಿಡುತ್ತಾ ಬಂದವರಿಗಂತೂ ಊದಿ ಎನ್ನಲು ಬಾಯೇ ಬರುವುದಿಲ್ಲ. ಅಂಥವರೆಲ್ಲ ಉಸಿರಕ್ಕನ ಮುಂದಿನ ಸ್ಟೂಲಿಗೆ ಬರುತ್ತಾರೆ. ಅಲ್ಲಿ ಮಾಡಬೇಕಾದ್ದು ಇಷ್ಟೇ: ಕೂರುವುದು, ಉಸಿರಾಡುವುದು.

ಈ ಕೆಲಸಕ್ಕೆ ಅವರು ಓದಿ ಬಂದವರಲ್ಲ. ಹದಿನೇಳು ವರ್ಷ ಇದೇ ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಆಗಿದ್ದವರು. ಕೆಳಮಹಡಿಯ ಕಿಟಕಿಯಿಲ್ಲದ ಗೂಡಿನಲ್ಲಿ ಕೂತು, ದಿನಕ್ಕೆ ನಾಲ್ಕುನೂರು ಕರೆಗಳನ್ನು ಅಲ್ಲಿಗಿಲ್ಲಿಗೆ ಜೋಡಿಸುತ್ತಿದ್ದರು. "ಹಲೋ ಅನ್ನೋಕೆ ಮುಂಚೆ ಆ ಕಡೆಯೋರು ಒಂದು ಉಸಿರು ತಗೋತಾರಲ್ಲ, ಅದರಲ್ಲೇ ಗೊತ್ತಾಗೋದು, ಗಾಬರೀಲಿ ಇದಾರಾ, ಸುಮ್ನೆ ವಿಚಾರಿಸೋಕೆ ಮಾಡಿದಾರಾ ಅಂತ." ಕರೆಗಳನ್ನು ತಾನೇ ಜೋಡಿಸುವ ಹೊಸ ಯಂತ್ರ ಬಂದಾಗ ಆ ಗೂಡಿಗೆ ಬೀಗ ಬಿತ್ತು. ಆಕೆಯನ್ನು ಎಲ್ಲಿ ಹಾಕುವುದೆಂದು ತಿಳಿಯದೆ, ಶ್ವಾಸಕೋಶ ವಿಭಾಗದಲ್ಲಿ ರೋಗಿಗಳ ಹೆಸರು ಬರೆದುಕೊಳ್ಳಲು ಕೂರಿಸಿದರು.

ಎರಡು ವರ್ಷದ ನಂತರ ಧ್ವನಿಮುದ್ರಣದ ಉಪಕರಣ ಬಂತು. ಉಸಿರಿನ ಸದ್ದು ಕೇಳಿ ಕಾಯಿಲೆಯ ತೀವ್ರತೆ ಹೇಳುವುದನ್ನು ಕಂಪ್ಯೂಟರಿಗೆ ಕಲಿಸಬೇಕಿತ್ತು. ಅದಕ್ಕೆ ಮೊದಲು ಸಾವಿರಾರು ಮುದ್ರಣಗಳನ್ನು ಮನುಷ್ಯರೇ ಕೇಳಿ, ಇದು ಹೀಗೆ ಎಂದು ಗುರುತು ಹಾಕಿಕೊಡಬೇಕು. ವೈದ್ಯರಿಗೆ ಪುರುಸೊತ್ತಿಲ್ಲ. ಕಡತಗಳನ್ನು ಜೋಡಿಸಿಡುತ್ತಿದ್ದ ಈಕೆ ಒಂದು ದಿನ ಕುತೂಹಲಕ್ಕೆ ಕಿವಿಗೆ ಹೆಡ್‌ಫೋನ್ ಏರಿಸಿ, ಸಂಜೆ ಹಿರಿಯ ವೈದ್ಯರ ಬಳಿ ಹೋಗಿ, ಹನ್ನೊಂದನೆಯ ಮುದ್ರಣದಲ್ಲಿ ಏನೂ ಇಲ್ಲ ಎಂದು ಬರೆದಿದ್ದೀರಿ, ಆದರೆ ಉಸಿರು ಬಿಡುವ ಕೊನೆಗೆ ಸಣ್ಣಗೆ ಸುಯ್ ಎನ್ನುತ್ತಿದೆ ಎಂದರು. ವೈದ್ಯರು ಮತ್ತೆ ಕೇಳಿದರು. ಇತ್ತು.

ಮರುದಿನ ವೈದ್ಯರು ಆಕೆಗೆ ಅರವತ್ತು ಮುದ್ರಣಗಳನ್ನು ಕೊಟ್ಟು ಪರೀಕ್ಷೆಯನ್ನೇ ಇಟ್ಟರು. ಐವತ್ತನಾಲ್ಕರಲ್ಲಿ ಇಬ್ಬರ ಗುರುತೂ ಒಂದೇ. ಉಳಿದ ಆರರಲ್ಲಿ ಎರಡಕ್ಕೆ ವೈದ್ಯರೇ ತಮ್ಮ ಗುರುತು ತಿದ್ದಿಕೊಂಡರು. ಗುರುತು ಹಾಕುವ ಕೆಲಸ ಆಕೆಯ ಪಾಲಿಗೆ ಬಂತು. ಫೋನ್ ಎತ್ತುತ್ತಿದ್ದವರು ಈಗ ಎದೆ ನೋಡುತ್ತಾರಾ ಎಂದು ಮೂಗು ಮುರಿದವರೂ ಇದ್ದರು. ಆಕೆ ತಲೆಕೆಡಿಸಿಕೊಳ್ಳಲಿಲ್ಲ.

"ಬಿಡೋವಾಗ ಕೊನೇಲಿ ಮಾತ್ರ ಸುಯ್ ಅಂದ್ರೆ ಸ್ವಲ್ಪ ಬಿಗಿ. ಬಿಡೋವಷ್ಟು ಹೊತ್ತೂ ಅಂದ್ರೆ ಜಾಸ್ತಿ. ಎಳಕೊಳ್ಳೋವಾಗಲೂ ಅಂದ್ರೆ ನಾನು ಕುರ್ಚಿಯಿಂದ ಎದ್ದೇಬಿಡ್ತೀನಿ," ಎಂದು ವಿವರಿಸುತ್ತಾರೆ. ಇಷ್ಟಾಗಿಯೂ ಅವರು ಮರೆಯದ ದಿನ, ಸುಯ್ ಎನ್ನುವ ಸದ್ದೇ ಇಲ್ಲದಿದ್ದ ದಿನ.

ಎರಡು ವರ್ಷದ ಹಿಂದಿನ ಮಾತು. ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸದವನೊಬ್ಬನನ್ನು ಹೆಂಡತಿ ನಡೆಸಿಕೊಂಡು ಬಂದಳು. ಹಿಟ್ಟಿನ ಧೂಳೇ ಅವನಿಗೆ ಆಗದು. ಎರಡು ದಿನದಿಂದ ಎದೆ ಸೀಟಿ ಹೊಡೆದಂತೆ ಕೂಗುತ್ತಿತ್ತು, ಬೆಳಗ್ಗೆಯಿಂದ ನಿಂತಿದೆ, ಕಡಿಮೆಯಾಗಿರಬೇಕು, ಸುಮ್ಮನೆ ತೋರಿಸಿಕೊಂಡು ಹೋಗೋಣವೆಂದು ಬಂದೆವು ಎಂದಳು. ಅವನಿಗೆ ಊದಲು ಆಗಲಿಲ್ಲ. ಮೈಕು ಅಂಟಿಸಿದರು. ಸೀಟಿಯ ಸದ್ದು ಸೊನ್ನೆ ಎಂದ ಕಂಪ್ಯೂಟರ್ ಪರದೆಯ ಮೇಲೆ ಹಸಿರು ಬಣ್ಣ ತೋರಿಸಿತು. ಸರದಿಯಲ್ಲಿ ಇನ್ನೂ ಹತ್ತು ಜನ ಇದ್ದರು. ಕರ್ತವ್ಯದಲ್ಲಿದ್ದ ಕಿರಿಯ ವೈದ್ಯರು, ಹಸಿರು ಬಂದಿದೆಯಲ್ಲ, ಹೊರಗೆ ಕೂರಲಿ ಎಂದರು.

ಉಸಿರಕ್ಕ ಹೆಡ್‌ಫೋನ್ ತೆಗೆಯಲಿಲ್ಲ. ಸೀಟಿ ಇರಲಿಲ್ಲ, ನಿಜ. ಆದರೆ ಬೆನ್ನಿನ ಕೆಳಭಾಗದಲ್ಲಿ ಗಾಳಿ ಹೋಗಿ ಬರುವ ಸದ್ದೂ ಇರಲಿಲ್ಲ. ಅವನ ಮುಖ ನೋಡಿದರು. ನಿಮ್ಮ ವಯಸ್ಸೆಷ್ಟು ಎಂದು ಕೇಳಿದರೆ, ಎರಡು ಅಕ್ಷರ ಹೇಳಿ ನಿಲ್ಲಿಸಿ ಮತ್ತೆ ಉಸಿರು ಎಳೆಯುತ್ತಿದ್ದ.

"ಕಡಿಮೆ ಆಗಿಲ್ಲ ಡಾಕ್ಟ್ರೇ. ಸೀಟಿ ಹೊಡೆಯೋಕೂ ಗಾಳಿ ಸಾಲ್ತಿಲ್ಲ," ಎಂದವರೇ ಯಾರ ಒಪ್ಪಿಗೆಗೂ ಕಾಯದೆ ತುರ್ತು ಗಂಟೆ ಒತ್ತಿದರು.

ಗಾಲಿಕುರ್ಚಿ ಬಂತು. ಕಿರಿಯ ವೈದ್ಯರು ಸ್ಟೆತಸ್ಕೋಪ್ ಇಟ್ಟವರೇ, ತಾವೇ ಕುರ್ಚಿ ತಳ್ಳಿಕೊಂಡು ಓಡಿದರು. ಆಮ್ಲಜನಕ, ಔಷಧಿಯ ಹಬೆ, ಚುಚ್ಚುಮದ್ದು ಎಲ್ಲ ಆಯಿತು. ಮುಕ್ಕಾಲು ಗಂಟೆಯ ಮೇಲೆ ಉಸಿರಕ್ಕ ಕೆಳಗಿನ ತುರ್ತು ವಿಭಾಗಕ್ಕೆ ಹೋಗಿ ನೋಡಿದರೆ, ಬಾಗಿಲ ಬಳಿಗೇ ಕೇಳುವಂತೆ ಅವನ ಎದೆ ಸೀಟಿ ಹೊಡೆಯುತ್ತಿತ್ತು. ಹೆಂಡತಿ ಮತ್ತೆ ಶುರುವಾಯಿತೆಂದು ಅಳುತ್ತಿದ್ದಳು. ಇದು ಒಳ್ಳೆಯ ಸದ್ದು, ಗಾಳಿ ಓಡಾಡಲು ಶುರುವಾಗಿದೆ ಎಂದು ಪಕ್ಕ ಕೂತು ಅವಳಿಗೆ ತಿಳಿಹೇಳಿದರು. "ಆ ಸದ್ದು ಕೇಳಿ ನಾನು ಖುಷಿಪಟ್ಟಿದ್ದು ಅದೊಂದೇ ಸಲ," ಎಂದು ಈಗ ನಗುತ್ತಾರೆ. ನಾಲ್ಕು ದಿನದ ಮೇಲೆ ಅವನು ಮನೆಗೆ ನಡೆದುಕೊಂಡೇ ಹೋದ. ಈಗ ಅದೇ ಬೇಕರಿಯಲ್ಲಿ, ಹಿಟ್ಟಿನಿಂದ ದೂರ, ಗಲ್ಲಾದಲ್ಲಿ ಕೂರುತ್ತಾನೆ.

ಯಂತ್ರ ತಪ್ಪಿದ್ದನ್ನು ಆಕೆ ಅಲ್ಲಿಗೇ ಬಿಡಲಿಲ್ಲ. ಹಳೆಯ ಮುದ್ರಣಗಳನ್ನೆಲ್ಲ ಮತ್ತೆ ಕೇಳುತ್ತೇನೆಂದು ಹಟ ಹಿಡಿದರು. ಐದು ತಿಂಗಳು ಕೂತು, ಸೀಟಿಯಿಲ್ಲದೆ ಉಸಿರೂ ಕ್ಷೀಣಿಸಿದ್ದ ಮೂವತ್ತೊಂದು ಮುದ್ರಣಗಳನ್ನು ಹೆಕ್ಕಿ ಕೊಟ್ಟರು. ಅವನ್ನಿಟ್ಟುಕೊಂಡು ಎಂಜಿನಿಯರುಗಳು ಕಂಪ್ಯೂಟರಿಗೆ ಹೊಸ ಪಾಠ ಕಲಿಸಿದರು. ಈಗ ಅದು ಉಸಿರಿನ ಸದ್ದು ತೀರಾ ತಗ್ಗಿದರೂ ಕೆಂಪು ತೋರಿಸುತ್ತದೆ. "ನಮಗೆ ಅಕ್ಕನೇ ಗುರು. ಅವರು ಗುರುತು ಹಾಕದೇ ಇದ್ದಿದ್ರೆ ಆ ಯಂತ್ರಕ್ಕೆ ಸೀಟಿಯೂ ಒಂದೇ, ಬೀಸಣಿಗೆಯೂ ಒಂದೇ," ಎನ್ನುತ್ತಾರೆ ಹಿರಿಯ ವೈದ್ಯರು. ಅಂದು ಕುರ್ಚಿ ತಳ್ಳಿದ ಕಿರಿಯ ವೈದ್ಯರು ಹೊಸದಾಗಿ ಸೇರುವ ವೈದ್ಯರನ್ನೆಲ್ಲ ಮೊದಲ ವಾರ ಈ ಕೋಣೆಯಲ್ಲಿ ಕೂರಿಸುತ್ತಾರೆ.

ದಿನಕ್ಕೆ ಇಪ್ಪತ್ತೆರಡರಿಂದ ಮೂವತ್ತು ಜನ. ಔಷಧಿ ಎಳೆದುಕೊಳ್ಳುವ ಮೊದಲು ಒಂದು ಸಲ, ಹದಿನೈದು ನಿಮಿಷ ಬಿಟ್ಟು ಇನ್ನೊಂದು ಸಲ. ಮತ್ತೆ ಮತ್ತೆ ಬರುವವರನ್ನು ಒಂದೇ ಸಲ ಎಣಿಸಿದರೂ ಆರು ವರ್ಷದಲ್ಲಿ ಹನ್ನೆರಡು ಸಾವಿರ ದಾಟಿದ ಎದೆಗಳು. ಕಿವಿಯನ್ನು ಆಕೆ ಕಣ್ಣಿಗಿಂತ ಜೋಪಾನ ಮಾಡುತ್ತಾರೆ. ಬಸ್ಸಿನಲ್ಲಿ ಎಂಜಿನ್ನಿನ ಹತ್ತಿರ ಕೂರುವುದಿಲ್ಲ, ಮದುವೆಮನೆಯಲ್ಲಿ ಧ್ವನಿವರ್ಧಕದ ಸುಳಿವು ಸಿಕ್ಕರೆ ಊಟದ ಸಾಲಿಗೇ ಮೊದಲು ನುಗ್ಗುತ್ತಾರೆ. ಗಂಡ ಮುದ್ರಣಾಲಯದ ಯಂತ್ರಗಳ ನಡುವೆ ದುಡಿದು ಕಿವಿ ಮಂದ ಮಾಡಿಕೊಂಡವರು. "ನಮ್ಮನೇಲಿ ಒಳ್ಳೆ ಕಿವಿ ಇರೋದು ಎರಡೇ. ಎರಡೂ ನನ್ನವೇ. ಅವರಿಗೂ ಸೇರಿಸಿ ನಾನೇ ಕೇಳಿಸ್ಕೋಬೇಕು."

ನಿವೃತ್ತಿಗೆ ಇನ್ನು ಮೂರು ವರ್ಷ. ದೂರದ ಚಿಕ್ಕ ಆಸ್ಪತ್ರೆಗಳಲ್ಲೂ ಇಂಥದೊಂದು ಸದ್ದಿಲ್ಲದ ಕೋಣೆ ಆದರೆ ಚೆನ್ನಾಗಿತ್ತು, ಅಲ್ಲಿನವರಿಗೆ ತಾನೇ ಹೋಗಿ ಹೇಳಿಕೊಟ್ಟು ಬರುತ್ತೇನೆ ಎನ್ನುವುದಷ್ಟೇ ಅವರ ಆಸೆ. ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳಿದೆ. ಹೊರಗೆ ಮೊದಲ ರೋಗಿ ಬಂದಾಗಿತ್ತು, ಅಮ್ಮನ ಹೆಗಲ ಮೇಲೆ ತೂಕಡಿಸುತ್ತಿದ್ದ ಪುಟ್ಟ ಹುಡುಗಿ. ಉಸಿರಕ್ಕ ಮೈಕನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡುತ್ತಾ ಹೇಳಿದರು.

"ಊದೋಕೆ ಆಗಲ್ಲ ಅಂತ ಈ ಬಾಗಿಲಿಂದ ಒಬ್ಬರನ್ನೂ ವಾಪಸ್ ಕಳಿಸಿಲ್ಲ ಅಂತ ಬರೀರಿ. ಅಷ್ಟು ಸಾಕು."