ಮುನವಳ್ಳಿಯ ಮೇಲೆ ತಿರುಗಿದ ವಿಮಾನ

ಇವತ್ತು ಬೆಳಿಗ್ಗೆ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ನಾವೀಗ ಇರುವುದು ಬೈಲಹೊಂಗಲದ ಒಂದು ಬಾಡಿಗೆ ಮನೆಯಲ್ಲಿ. ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿಯಲು ಹೊರಟ ವಿಮಾನವೊಂದು ಗುಡುಗುಡು ಎನ್ನುತ್ತ ತಲೆಯ ಮೇಲೆ ಹಾದುಹೋಯಿತು. ನನ್ನ ಕೈ ತಾನಾಗಿಯೇ ಮೇಲೆದ್ದಿತು, ಹಿಂಡಿದ ಲಂಗದ ಸಮೇತ. ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸಿನೊಡನೆ ಜಗಳವಾಡುತ್ತಿದ್ದ ಮಗಳು ಗೌರಿ ಕೇಳಿದಳು.

“ಯಾರಿಗೆ ಕೈ ಮಾಡಾಕತ್ತಿ ಅವ್ವಾ? ಅದರಾಗ ಯಾರದಾರ?”

“ತಡಿ, ಮೊದಲ ಲೇಸ್ ಕಟ್ಟತೇನಿ,” ಎಂದು ಅವಳ ಮುಂದೆ ಕುಳಿತೆ. ಲೇಸು ಕಟ್ಟಲು ಎಷ್ಟು ಹೊತ್ತು ಬೇಕು ಹೇಳಿ? ನನಗೆ ಬಹಳ ಹೊತ್ತು ಬೇಕಾಯಿತು.

ಈ ಕೈಯೆತ್ತುವ ಚಟ ನಮ್ಮವ್ವನದು. ನಾನು ಆಗ ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿ ಪಾಳಿ, ಊರೂರು ತಿರುಗುವ ನೌಕರಿಯ ಗಂಡ. ಹಾಗಾಗಿ ಹಾಲು ಬಿಡಿಸಿದ ಮೇಲೆ ಗೌರಿಯನ್ನು ಮುನವಳ್ಳಿಯಲ್ಲಿ ಅವ್ವನ ಬಳಿ ಬಿಟ್ಟಿದ್ದೆ. ಆಕಾಶದಲ್ಲಿ ಸದ್ದಾದರೆ ಸಾಕು, ಅವ್ವ ಕೈಯೊಳಗಿನ ಹಿಟ್ಟನ್ನೂ ತೊಳೆಯದೆ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಅಂಗಳಕ್ಕೆ ಓಡುತ್ತಿದ್ದಳಂತೆ. “ನೋಡಲ್ಲಿ, ನಿಮ್ಮವ್ವ ಬಂದ್ಲು. ಕೈ ಮಾಡು!” ನಾನು ಬರುತ್ತಿದ್ದುದು ಬಸ್ಸಿನಲ್ಲಿ, ಸೊಂಟ ಮುರಿದುಕೊಂಡು. ವಿಮಾನದ ಮುಖವನ್ನೇ ಹತ್ತಿರದಿಂದ ಕಂಡವಳಲ್ಲ. ಅದನ್ನು ಹೇಳಿದರೆ ಅವ್ವ ನಗುತ್ತಿದ್ದಳು. “ಹೈದರಾಬಾದಿನ ಬಸ್ಸು ಇಲ್ಲಿಂದ ಕಾಣೂದಿಲ್ಲಲ್ಲವಾ, ಇಮಾನ ಕಾಣತೈತಿ.” ಕೂಸಿಗೆ ಏನಾದರೂ ತೋರಿಸಬೇಕಲ್ಲ, ಪಾಪ.

ಗೌರಿಗೆ ಮೂರು ತುಂಬುವ ಮುಂಚೆ ಅವಳನ್ನು ಹೈದರಾಬಾದಿಗೆ ಕರೆತಂದೆ. ಅವಳಿಗೆ ನನ್ನ ಮನೆ ಪರರ ಮನೆ. ದಿನಾ ಸಂಜೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು “ಆಯಿ ಕಡೆ ಹೋಗೂನು” ಎಂದು ಅಜ್ಜಿಗಾಗಿ ರಾಗ ಎಳೆಯುತ್ತಿದ್ದಳು. ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸಂಕಟವೂ ಆಗುತ್ತಿತ್ತು. ಹೀಗೆ ಕೆಲವು ವಾರ ಕಳೆದಿರಬಹುದು. ಒಂದು ಮಳೆಗಾಲದ ನಸುಕಿನಲ್ಲಿ ಅಣ್ಣನ ಫೋನ್ ಬಂತು. ಅವ್ವ ಮಲಗಿದಲ್ಲೇ ಹೋಗಿಬಿಟ್ಟಿದ್ದಳು.

“ಹೊತ್ತು ಮುಣಗೂದ್ರಾಗ ಬಾ ತಂಗಿ. ಅಲ್ಲೀತನಕಾ ಕಾಯತೇವಿ.”

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸುತ್ತಾರೆ, ಹಣೆತುಂಬ ವಿಭೂತಿ ಬಳಿಯುತ್ತಾರೆ. ಬಂದವರು ಮುಖ ನೋಡುತ್ತಾರೆ, ಹೂವು ಪತ್ರಿ ಏರಿಸುತ್ತಾರೆ, ಆಮೇಲೆ ಮಣ್ಣು. ಮಣ್ಣಾಗುವವರೆಗೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಸತ್ತವರ ಮಕ್ಕಳು ಬಾಯಿಗೆ ಹನಿ ನೀರೂ ಹಾಕುವುದಿಲ್ಲ. ಹೊತ್ತು ಮುಳುಗಿದ ಮೇಲೆ ಮಣ್ಣು ಕೊಡಬಾರದು ಎಂಬುದು ನಮ್ಮ ಹಿರಿಯರ ಪಟ್ಟು. ಬಸ್ಸು ಹಿಡಿದರೆ ರಾತ್ರಿಯಾಗುತ್ತಿತ್ತು. ಹಾಗಾಗಿ ನನ್ನ ಜನ್ಮದ ಮೊದಲ ವಿಮಾನವನ್ನು ನಾನು ಹತ್ತಿದ್ದು ಅವ್ವನ ಮುಖ ನೋಡಲು.

ಗೌರಿಗೆ ಹೇಳಿರಲಿಲ್ಲ. ಏನೆಂದು ಹೇಳುವುದು? ವಿಮಾನ ನಿಲ್ದಾಣದಲ್ಲಿ ಕಂಡಕಂಡವರಿಗೆಲ್ಲ ಅವಳು “ನಾ ಆಯಿ ಕಡೆ ಹೊಂಟೇನಿ” ಎಂದು ಸಾರುತ್ತಿದ್ದಳು. ಅವರಿಗೆ ಭಾಷೆ ತಿಳಿಯದು, ಗಲ್ಲ ಹಿಂಡಿ ನಗುತ್ತಿದ್ದರು. ತಪಾಸಣೆಯವರು ಅವಳ ಹಾಲಿನ ಬಾಟಲಿಯನ್ನು ಎತ್ತಿ ಹಿಡಿದು, ನೀವೇ ಒಂದು ಗುಟುಕು ಕುಡಿದು ತೋರಿಸಿ ಎಂದರು. ನಿಯಮವಂತೆ. ಹಿಂದೆ ಸಾಲು ಗೊಣಗುತ್ತಿತ್ತು. ಕುಡಿದೆ. ಅವ್ವ ಸತ್ತ ಮೇಲೆ ನನ್ನ ಬಾಯಿಗೆ ಬಿದ್ದ ಮೊದಲ ಗುಟುಕು ಅದು, ಬೆಚ್ಚಗಿನ ಸಕ್ಕರೆ ಹಾಲು. ಇಂದಿಗೂ ಆ ರುಚಿಗೆ ನನಗೆ ವಾಕರಿಕೆ ಬರುತ್ತದೆ.

ವಿಮಾನ ತಡವಾಯಿತು. ಸಾಂಬ್ರಾದಲ್ಲಿ ಮೋಡವಂತೆ. ಗೌರಿ ಕುರ್ಚಿಗಳ ಕೆಳಗೆ ತೂರಿದಳು, ಯಾರದೋ ಬ್ಯಾಗಿನ ಚಕ್ರ ಕಿತ್ತಳು, ಒಂದಕ್ಕೆ ಎಂದು ಎರಡು ಸಲ ಓಡಿಸಿ ಮೂರನೆಯ ಸಲ ನನ್ನ ಸೀರೆಯ ಮೇಲೆಯೇ ಮುಗಿಸಿದಳು. ಅಣ್ಣ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದ. “ಎಲ್ಲಿ ಅದೀ? ಇನ್ನೂ ಅಲ್ಲೇ?” ಅವನ ಹಿಂದೆ ಭಜನೆಯ ತಾಳ ಕೇಳುತ್ತಿತ್ತು. ಅಳಬೇಕೆಂದರೆ ನನಗೆ ಪುರುಸೊತ್ತೇ ಇರಲಿಲ್ಲ ನೋಡಿ. ಚಿಕ್ಕ ಮಗುವಿನ ತಾಯಿ ದುಃಖವನ್ನೂ ಪಾಳಿಯ ಮೇಲೆ ಪಡಬೇಕು.

ಅಂತೂ ಏರಿದೆವು. ನೆಲ ಬಿಡುತ್ತಲೇ ಗೌರಿಯ ಕಿವಿ ಕಟ್ಟಿತು. ಕಿವಿ ಹಿಡಿದುಕೊಂಡು ಅವಳು ಚೀರಿದ ಚೀರಾಟ ಆಸ್ಪತ್ರೆಯಲ್ಲೂ ನಾನು ಕೇಳಿದ್ದಿಲ್ಲ. ಊರ ಮಕ್ಕಳಿಗೆಲ್ಲ ಸೂಜಿ ಚುಚ್ಚಿ ಸುಮ್ಮನಾಗಿಸುವ ನರ್ಸಮ್ಮನಿಗೆ ಸ್ವಂತ ಮಗಳು ದಕ್ಕಲಿಲ್ಲ. ಹಾಲು ಕುಡಿಸಿದೆ. ಅದನ್ನಷ್ಟೂ ಕಿಟಕಿ ಪಕ್ಕದ ಹಿರಿಯರ ಪ್ಯಾಂಟಿನ ಮೇಲೆ ಕಾರಿದಳು. ಅವರು ರಾಮದುರ್ಗದ ಅರಿವೆ ಅಂಗಡಿಯವರು.

“ಏನವಾ, ಒಂದು ಕೂಸಿನ್ನ ಸಂಭಾಳಿಸಾಕ ಬರೂದಿಲ್ಲೇನು? ತಲಿ ಒಡದ ಹೊಂಟೈತಿ!”

“ನಮ್ಮವ್ವ ತೀರಿಕೊಂಡಾಳ್ರಿ,” ಎಂದೆ ಮೆಲ್ಲಗೆ. “ಮುನವಳ್ಳ್ಯಾಗ ಕುಂದ್ರಿಸಿಕೊಂಡು ಕಾಯಾಕತ್ತಾರ. ಇಕಿಗೆ ಗೊತ್ತಿಲ್ಲ.”

ಅವರು ಪ್ಯಾಂಟು ಒರೆಸುವುದನ್ನು ನಿಲ್ಲಿಸಿದರು. ಎದ್ದು, “ಕಿಟಕಿ ಕಡೆ ನೀ ಬಾರವಾ. ಕೂಸಿಗೆ ಹೊರಗ ತೋರಸು,” ಎಂದು ಜಾಗ ಬಿಟ್ಟರು.

ಇಳಿಯುವ ಹೊತ್ತಾದರೂ ವಿಮಾನ ಇಳಿಯಲಿಲ್ಲ. ಮೋಡ ಸರಿಯುವವರೆಗೆ ಸುತ್ತು ಹಾಕುತ್ತೇವೆ ಎಂದು ವಿಮಾನದವರು ಹೇಳಿದರು. ಒಂದು ಸುತ್ತಿನಲ್ಲಿ ಮೋಡ ಹರಿದು ಕೆಳಗೆ ಕೆಂಪು ನೀರು ಕಂಡಿತು.

“ನವಿಲುತೀರ್ಥದ ಡ್ಯಾಮ್ ಅಲ್ಲೇನವಾ ಅದು?” ಎಂದರು ಹಿರಿಯರು.

ಹೌದು. ಹಿನ್ನೀರಿನ ದಂಡೆ ಹಿಡಿದು ಕಣ್ಣು ಸರಿಸಿದರೆ ನಮ್ಮ ಊರು. ಅಲ್ಲೇ ಎಲ್ಲೋ ಅವ್ವ ಕುಳಿತಿದ್ದಳು. ಹೊತ್ತು ಆಗಲೇ ಅಡ್ಡ ಬಿದ್ದಿತ್ತು. ಅವ್ವನ ತಲೆಯ ಮೇಲೆಯೇ ಇದ್ದೇನೆ, ಇಳಿಯಲಾರೆ. ಇಳಿದರೂ ಸಾಂಬ್ರಾದಿಂದ ಮತ್ತೆ ಇಲ್ಲಿಗೇ ಕಾರಿನಲ್ಲಿ ಓಡಿ ಬರಬೇಕು. ಮುಖ ಸಿಗುವುದಿಲ್ಲ ಎಂದು ನನಗೆ ಗೊತ್ತಾದದ್ದು ಆ ಕ್ಷಣ.

ಗೌರಿ ಅಳು ನಿಲ್ಲಿಸಿ ಗಾಜಿಗೆ ಮೂಗು ಒತ್ತಿದ್ದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ವಿಮಾನ ಬಂತೆಂದರೆ ಆಯಿ ಅಂಗಳಕ್ಕೆ ಬಂದು ನಿಂತಿರಲೇಬೇಕು. ಎರಡೂ ಕೈ ಎತ್ತಿ ಬೀಸತೊಡಗಿದಳು. “ಆಯೀ, ನಾ ಇಲ್ಲಿ ಅದೇನಿ! ಮ್ಯಾಲ ನೋಡು!”

ನಾನು ಆಗ ಅತ್ತೆ. ಹಿರಿಯರು ಮುಖ ಅತ್ತ ತಿರುಗಿಸಿಕೊಂಡರು.

ನಾವು ಮುನವಳ್ಳಿ ಮುಟ್ಟಿದಾಗ ಕತ್ತಲಾಗಿತ್ತು. ಒಲೆ ಹೊತ್ತಿತ್ತು. ಗೌರಿ ಎಲ್ಲ ಕೋಣೆ ಹುಡುಕಿ ಬಂದು, ಹಿಟ್ಟಿನ ಡಬ್ಬಿಯ ಹಿಂದೆಯೂ ಇಣುಕಿ ನೋಡಿ, ಅಲ್ಲೇ ನೆಲದ ಮೇಲೆ ನಿದ್ದೆ ಹೋದಳು. ಅಣ್ಣ ನನ್ನ ಪಕ್ಕ ಬಂದು ಕುಳಿತ.

“ಮಣ್ಣು ಕೈಯಾಗ ಹಿಡದಿದ್ದೆ ತಂಗಿ. ಮ್ಯಾಲ ಇಮಾನದ ಸಪ್ಪಳಾತು. ನೀ ಬಂದಿ ಅಂತ ತಡದೆ. ಹೋತು, ಮತ್ತ ತಿರುಗಿ ಬಂತು. ಮತ್ತ ತಡದೆ. ಆಮ್ಯಾಲ ಹಿರ್ಯಾರು ಸಾಕಪಾ, ಹೊತ್ತು ಹೋತು ಅಂದ್ರು.”

ಅದು ನಮ್ಮ ವಿಮಾನವೇ ಎಂದು ಯಾರು ಬಲ್ಲರು? ನಾನು ಲೆಕ್ಕ ಹಾಕಲು ಹೋಗಿಲ್ಲ. ಅವನ ಬೆರಳ ಸಂದಿಯಲ್ಲಿ ಇನ್ನೂ ಎರೆಮಣ್ಣು ಅಂಟಿತ್ತು. ಆ ಕೈ ಹಿಡಿದುಕೊಂಡೆ. ನನ್ನ ಪಾಲಿಗೆ ಸಿಕ್ಕಿದ್ದು ಅಷ್ಟೇ.

ಆಮೇಲೆ ಹೈದರಾಬಾದಿನ ನೌಕರಿ ಬಿಟ್ಟು ಇತ್ತ ಬಂದೆ. ಬಂದು ಏನು ಬಂತು, ಯಾರಿಗಾಗಿ ಬರಬೇಕಿತ್ತೋ ಅವರೇ ಇಲ್ಲ. ಗೌರಿ ಈಗ ಶಾಲೆಗೆ ಹೋಗುತ್ತಾಳೆ. ಬಾಗಿಲಲ್ಲಿ ನಿಂತು ಆಯಿಗಾಗಿ ರಾಗ ಎಳೆದವಳಿಗೆ ಆಯಿ ಈಗ ಗೋಡೆಯ ಮೇಲಿನ ಫೋಟೋ. ಆ ಪ್ರಯಾಣ ಅವಳಿಗೆ ಒಂದಿಷ್ಟೂ ನೆನಪಿಲ್ಲ. ಅವ್ವನನ್ನು ನಾನು ಎರಡನೆಯ ಸಲ ಕಳೆದುಕೊಂಡದ್ದು ಹೀಗೆ, ದಿನಕ್ಕಿಷ್ಟು ದಿನಕ್ಕಿಷ್ಟು.

ಲೇಸು ಕಟ್ಟಿ ಮುಗಿಯಿತು. ಅವಳು ಬಿಡಲಿಲ್ಲ.

“ಹೇಳಲೇ ಇಲ್ಲ ನೀ. ಅದರಾಗ ಯಾರದಾರ?”

“ಯಾರೋ ಮಗಳು ಬರಾಕತ್ತಿರಬೇಕು,” ಎಂದೆ. “ಕೆಳಗ ಯಾರರ ನಿಂತಾರೇನು ಅಂತ ನೋಡತಿರತಾಳ.”

ಗೌರಿ ಆಕಾಶ ನೋಡಿದಳು. ವಿಮಾನ ಎಂದೋ ಹೋಗಿತ್ತು. ಆದರೂ ಅವಳು ಪಾಟಿಚೀಲ ಕೆಳಗಿಟ್ಟು ಎರಡೂ ಕೈ ಎತ್ತಿ ಬೀಸಿದಳು, ಅಂದು ಗಾಜಿನ ಹಿಂದೆ ಬೀಸಿದ ಹಾಗೆಯೇ.