ಬಾಯಿ ಹುಣ್ಣಿಗೆ ಸೊನ್ನೆ

ಮೂರನೆಯ ಕೀಮೋಗೆಂದು ಆಸ್ಪತ್ರೆಗೆ ಬಂದ ದಿನ ಕಸ್ತೂರಿಬಾಯಿಗೆ ನೀರು ನುಂಗುವುದೂ ಕಷ್ಟವಾಗಿತ್ತು. ನಾಲಿಗೆ, ಕೆನ್ನೆಯೊಳಗೆಲ್ಲ ಹುಣ್ಣು. ಹದಿನೆಂಟು ವರ್ಷ ಮುಂಬೈನ ಬೈಕುಲ್ಲಾದ ಖಾನಾವಳಿಯಲ್ಲಿ ರೊಟ್ಟಿ ಬಡಿದ ಗಟ್ಟಿ ಹೆಂಗಸು ಹತ್ತು ದಿನದಿಂದ ಗಂಜಿಯ ಮೇಲಿದ್ದಳು.

ಅಕ್ಕಲಕೋಟೆ ಕಡೆಯ ನರ್ಸ್ ಸೋನಾಲಿ ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದಳು. “ಮಾವಶಿ, ಆ್ಯಪ್‌ನಾಗ ರೋಜ್ ಬಾಯಿ ಹುಣ್ಣು ಸೊನ್ನೆ, ಸುಸ್ತು ಸೊನ್ನೆ ಅಂತ ಬಂದೈತಲ್ಲ?”

“ಎಂಥಾ ಆ್ಯಪ್?”

ದಿನಾ ಬೆಳಿಗ್ಗೆ ಮೊಬೈಲಿಗೆ ಪ್ರಶ್ನೆ ಬರುತ್ತದೆ, ತೊಂದರೆ ಎಷ್ಟೆಂದು ಸೊನ್ನೆಯಿಂದ ನಾಲ್ಕರವರೆಗೆ ಒತ್ತಬೇಕು, ಹೆಚ್ಚಿದ್ದರೆ ಆಸ್ಪತ್ರೆಯಿಂದಲೇ ಫೋನ್ ಬರುತ್ತದೆ ಎಂದು ಸೋನಾಲಿ ವಿವರಿಸಿದಳು. ಕಸ್ತೂರಿಬಾಯಿ ಗಂಡನತ್ತ ತಿರುಗಿದಳು. ಗಾರೆ ಕೆಲಸದ ಶಿವಪುತ್ರಪ್ಪ ನೆಲ ನೋಡುತ್ತಿದ್ದ. ಮನೆಯ ಒಂದೇ ಮೊಬೈಲು ಅವನ ಜೇಬಿನಲ್ಲಿತ್ತು.

“ಕೆಲಸದ ಮ್ಯಾಲಿದ್ದಾಗ ಬರ್ತಿತ್ತು. ನಾನೇ ಒತ್ತಿದೆ. ದೊಡ್ಡ ನಂಬರ್ ಒತ್ತಿದ್ರ ಔಷಧ ನಿಲ್ಲಸ್ತಾರ ಅಂತ ಅಂಜಿದೆ.”

“ಬಾಯಿ ನಂದು, ಹುಣ್ಣು ನಂದು, ಉತ್ತರ ಮಾತ್ರ ನಿಮ್ಮದೇನ್ರೀ?” ಮಾತಾಡಿದರೆ ಉರಿಯುತ್ತಿತ್ತು, ಆದರೂ ಅವಳು ನಿಲ್ಲಿಸಲಿಲ್ಲ. ಸೋನಾಲಿಯನ್ನೂ ಬಿಡಲಿಲ್ಲ. “ಹೆಸರು ಬರಕೊಳ್ಳೋವಾಗ ನೀವೂ ಫೋನ್ ನಂಬರ್ ಅವರ್ನ ಕೇಳಿದ್ರಿ. ಎದುರಿಗೆ ಕುಂತಾಕಿ ನಾನು! ಕೀಮೋ ತಗೊಂಡಾಕಿಗೆ ದಿನಾ ಸೊನ್ನೆ ಬಂದ್ರ ಯಾರಿಗೂ ಅನುಮಾನ ಬರ್ಲಿಲ್ಲೇನು?”

ಸೋನಾಲಿ ಡಾಕ್ಟರನ್ನು ಕರೆತಂದಳು. ಡಾಕ್ಟರು ಬಾಯಿ ನೋಡಿ, ಮೊದಲೇ ತಿಳಿದಿದ್ದರೆ ಹುಣ್ಣು ಇಷ್ಟು ಬಲಿಯಲು ಬಿಡುತ್ತಿರಲಿಲ್ಲ ಎಂದರು. ಕೀಮೋ ಒಂದು ವಾರ ಮುಂದೆ ಹೋಯಿತು. ಶಿವಪುತ್ರಪ್ಪ ಯಾವುದಕ್ಕೆ ಅಂಜಿದ್ದನೋ ಅದೇ ಆಯಿತು.

ಕಸ್ತೂರಿಬಾಯಿ ಗಂಡನ ಮುಂದೆ ಕೈ ಚಾಚಿದಳು. “ಫೋನ್ ಕೊಡ್ರಿ.”

“ಮುಕಾದಮ ಇದಕ್ಕ ಫೋನ್ ಮಾಡಿ ಕೆಲಸಕ್ಕ ಕರೀತಾನ...”

“ಕೂಲಿಯವರು ನಿಂದ್ರೋ ನಾಕಾಕ್ಕ ಹೋಗಿ ನಿಂದರ್ರಿ. ಇದು ನನ್ನ ಕಡೆ ಇರ್ತೈತಿ.”

ಅಕ್ಷರ ಓದಲು ಬರದ ಕಸ್ತೂರಿಬಾಯಿಯಂಥವರಿಗೆ ಪ್ರಶ್ನೆಯನ್ನು ಹಿಂದಿಯಲ್ಲಿ ಓದಿ ಹೇಳುವ ಗುಂಡಿಯೊಂದು ಆ್ಯಪ್‌ನಲ್ಲೇ ಇತ್ತು. ಅದನ್ನು ತೋರಿಸಲು ಸೋನಾಲಿಗೆ ಎರಡೇ ನಿಮಿಷ ಸಾಕಾಯಿತು. ಆ ಎರಡು ನಿಮಿಷ ಇಷ್ಟು ದಿನ ಯಾರಿಗೂ ಇರಲಿಲ್ಲವೇ ಎಂದು ಕಸ್ತೂರಿಬಾಯಿಯ ಮೈ ಉರಿಯಿತು.

ಮರುದಿನ ಘಾಟ್ಕೋಪರ್‌ನ ಚಾಳಿನ ತನ್ನ ಮನೆಯಲ್ಲಿ ಕುಳಿತು ಅವಳೇ ನಾಲ್ಕು ಒತ್ತಿದಳು. ಗಂಟೆಯೊಳಗೆ ಫೋನ್ ಬಂತು. ಯಾರೋ ಹೊಸ ದನಿ: “ಶಿವಪುತ್ರಪ್ಪ ಹೈ ಕ್ಯಾ?”

“ಬೀಮಾರ್ ಮೈ ಹೂಂ,” ಎಂದಳು ಕಸ್ತೂರಿಬಾಯಿ. “ಮೇರೇ ಸೇ ಬಾತ್ ಕರೋ.”

ಕಾಯಿಲೆ ತನಗೆ, ಮಾತೂ ತನ್ನ ಜೊತೆಗೇ ಆಗಬೇಕೆಂದು ಪಟ್ಟು ಹಿಡಿದಳು. ಆಮೇಲೆ ಪ್ರಶ್ನೆಗಳು ಬಂದವು. ನೋಯುವ ಬಾಯಿಂದಲೇ ಅವಳು ಒಂದನ್ನೂ ಬಿಡದೆ ಉತ್ತರ ಕೊಟ್ಟಳು.