ಏಳು ದಿನದ ಕಾಯಿಲೆ

ಮೊಮ್ಮಗಳು ಯಾನೇಸಾ ನೋಟ್‌ಬುಕ್ ಹಿಡಿದು ಮೆಟ್ಟಿಲು ಹತ್ತಿದಳೆಂದರೆ ಸಾಕು, ಎಮೆರಿತಾ ಉಪ್ಪಿನ ವಿಷಯಕ್ಕೆ ಜಗಳ ತೆಗೆಯುತ್ತಿದ್ದಳು.

"ಈ ಮೀನಿಗೆ ಉಪ್ಪು ಹಾಕಿದ್ದೀರೋ, ಇಲ್ಲ ನದಿಯಿಂದ ಎತ್ತಿ ಹಾಗೇ ತಟ್ಟೆಗೆ ಬಡಿಸಿದ್ದೀರೋ? ಎಪ್ಪತ್ತೆಂಟು ವರ್ಷ ಉಪ್ಪು ತಿಂದೇ ಬದುಕಿದೋಳು ಕಣೇ ನಾನು."

"ಅದಕ್ಕೇ ಅಜ್ಜಿ ನಿನ್ನ ಬಿಪಿ ನೂರಾ ತೊಂಬತ್ತು," ಎಂದಳು ಯಾನೇಸಾ. "ಈಗ ನಮ್ಮೂರಲ್ಲಿ ಹಾವು ಕಚ್ಚಿ ಸಾಯೋರಿಗಿಂತ ಉಪ್ಪು ಕಚ್ಚಿ ಸಾಯೋರೇ ಜಾಸ್ತಿ."

ಜಗಳ ಉಪ್ಪಿನದಲ್ಲವೆಂದು ಎಮೆರಿತಾಗೆ ಚೆನ್ನಾಗಿ ಗೊತ್ತಿತ್ತು. ಬೌದೋ ನದಿಯ ದಡದ ಗುವಾದುವಾಲ್ ಊರಿಗೆ ಯಾನೇಸಾ ಆರೋಗ್ಯ ಕಾರ್ಯಕರ್ತೆ. ಐವತ್ತು ವರ್ಷದಲ್ಲಿ ನಿಮ್ಮೂರಲ್ಲಿ ಯಾರು ಯಾವುದರಿಂದ ಸತ್ತರೆಂದು ಬರೆದು ಕೊಡಿ, ಯಾವ ಔಷಧಿ ಕಳಿಸಬೇಕೆಂದು ತಿಳಿಯುತ್ತದೆ ಎಂದು ಆಸ್ಪತ್ರೆಯ ದೋಣಿಯವರು ಅವಳಿಗೆ ಹೇಳಿ ಹೋಗಿದ್ದರು. ಊರಿನ ಹುಟ್ಟು ಸಾವು ಎರಡನ್ನೂ ಹತ್ತಿರದಿಂದ ಕಂಡವಳೆಂದರೆ ಸೂಲಗಿತ್ತಿ ಎಮೆರಿತಾ ಒಬ್ಬಳೇ. ಕೇಳುತ್ತ ಬರೆಯುತ್ತ ಊರಿನ ಮನೆಗಳೆಲ್ಲ ಮುಗಿದು, ಕೊನೆಗೆ ಸ್ವಂತ ಮನೆ ಉಳಿದಿತ್ತು. ಆ ಮನೆಯ ಎರಡು ಸಾವುಗಳ ಬಗ್ಗೆ ಎಮೆರಿತಾ ನಲವತ್ತು ವರ್ಷದಿಂದ ಸುಳ್ಳು ಹೇಳಿಕೊಂಡು ಬಂದಿದ್ದಳು. ಹೇಳಿದ್ದು ಯಾರಿಗೋ ಅಲ್ಲ, ಮಗಳು ಪಸೀಫಿಕಾಗೆ. ಮಗಳು ಅಲ್ಲೇ ಒಲೆಯ ಮುಂದೆ ಇವರಿಗೆ ಬೆನ್ನು ಮಾಡಿ ಬಾಳೆಕಾಯಿ ಸುಲಿಯುತ್ತಿದ್ದಳು.

"ಹಳೇ ಕಾಲದಲ್ಲಿ ಯಾವುದರಿಂದ ಜಾಸ್ತಿ ಸಾಯ್ತಿದ್ರು ಅಜ್ಜಿ?"

"ಯಾವುದರಿಂದ ಸಾಯ್ತಿರಲಿಲ್ಲ ಅಂತ ಕೇಳು. ಚಳಿಜ್ವರ, ಹಾವು, ಭೇದಿ, ಹೆರಿಗೆ. ಎಳೇ ಮಕ್ಕಳಿಗೆ ಏಳು ದಿನದ ಕಾಯಿಲೆ."

ಏಳು ದಿನದ ಕಾಯಿಲೆ ಬಂದ ಮಗು ಮೊದಲ ನಾಲ್ಕು ದಿನ ಚೀಪಿ ಚೀಪಿ ಹಾಲು ಕುಡಿಯುತ್ತಿತ್ತು. ಐದನೆಯ ದಿನ ದವಡೆ ಬಿಗಿದುಕೊಳ್ಳುತ್ತಿತ್ತು. ಆಮೇಲೆ ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತಿತ್ತು, ಏಳನೆಯ ದಿನಕ್ಕೆ ಮುಗಿಯುತ್ತಿತ್ತು. ಸತ್ತ ಮಗು ದೇವದೂತ. ತಾಯಿ ಅತ್ತರೆ ಅದರ ರೆಕ್ಕೆ ನೆನೆದು ಹಾರಲಾಗುವುದಿಲ್ಲ. ಹಾಗಾಗಿ ಅದಕ್ಕೆ ಬಿಳಿ ಬಟ್ಟೆ ತೊಡಿಸಿ, ಕಾಗದದ ಹೂವಿನ ಕಿರೀಟ ಇಟ್ಟು, ಊರೆಲ್ಲ ಸೇರಿ ಹಾಡಿ ಕುಣಿಯಬೇಕು. ಹಾಡು ಎತ್ತಿಕೊಡುತ್ತಿದ್ದವಳೂ ಎಮೆರಿತಾಳೇ. ಈಗ ಗುವಾದುವಾಲ್‌ನಲ್ಲಿ ಆ ಹಾಡು ಕೇಳಿ ಹದಿನಾರು ವರ್ಷವಾಯಿತು. ಹೋದ ವರ್ಷ ಪಟ್ಟಣದಿಂದ ಮೈಕು ಹಿಡಿದು ಬಂದವನೊಬ್ಬ, "ಅಮ್ಮಾ, ಎಂಥಾ ಕಲೆ ನಶಿಸಿ ಹೋಗ್ತಿದೆಯಲ್ಲಾ" ಎಂದು ಗೋಳಾಡಿದ್ದ. "ಹೋಗಲಿ ಬಿಡಪ್ಪಾ. ಉಳೀಲೇಬೇಕು ಅಂದ್ರೆ ನಿನ್ನ ಮನೆಯಿಂದ ಒಂದು ಮಗು ತಂದುಕೊಡು, ಹಾಡ್ತೀನಿ" ಎಂದು ಎಮೆರಿತಾ ಅವನನ್ನು ಮೆಟ್ಟಿಲಿಳಿಸಿದ್ದಳು. ನಶಿಸಿ ಹೋಗಬೇಕಾದ್ದು ನಶಿಸಿದರೆ ಅಳುವುದೇಕೆ?

ಯಾನೇಸಾ ಹಾಳೆ ತಿರುವಿದಳು. "ನೋಡು, ಈಚಿನ ಹಾಳೆಗಳಲ್ಲಿ ಅದೊಂದೂ ಇಲ್ಲ. ಬಿಪಿ, ಶುಗರ್, ಲಕ್ವ, ಕ್ಯಾನ್ಸರ್. ಎಲ್ಲಾ ಅರವತ್ತು, ಎಪ್ಪತ್ತು ದಾಟಿದೋರು."

"ನಿನ್ನ ಮೊಮ್ಮಕ್ಕಳ ಕಾಲಕ್ಕೆ ಏನು ಬರೀತಾರೋ?"

"ಯಾರಿಗೆ ಗೊತ್ತು? ಬಿಸಿಲಿನ ಝಳ ಇರಬಹುದು. ಈ ಪ್ಯಾಕೆಟ್ ತಿಂಡಿ ಇರಬಹುದು. ನಾವು ಈಗ ಒಳ್ಳೇದು ಅಂತ ಪ್ರೀತಿಯಿಂದ ಮಾಡ್ತಿರೋ ಏನೋ ಒಂದು ಇರಬಹುದು. ಅವರು ಅದನ್ನ ಕಂಡುಹಿಡೀತಾರೆ ಅಜ್ಜಿ. ಬಿಟ್ಟೂ ಬಿಡ್ತಾರೆ."

ಪ್ರೀತಿಯಿಂದ ಎಂಬ ಮಾತು ಎಮೆರಿತಾಗೆ ಮುಳ್ಳು ಚುಚ್ಚಿದಂತಾಯಿತು.

"ಸರಿ, ಇನ್ನು ನಮ್ಮನೆ," ಎಂದಳು ಯಾನೇಸಾ. "ಅಮ್ಮನ ಮೊದಲ ಎರಡು ಮಕ್ಕಳು. ದೃಷ್ಟಿ ತಾಗಿತ್ತು ಅಂತ ನೀನು ಯಾವಾಗಲೂ ಹೇಳ್ತೀಯ. ಹಾಗೇ ಬರೀಲಾ?"

'ಹೂಂ' ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಆ ನದಿಯ ಜನರಿಗೆ ಮಗುವಿನ ಹೊಕ್ಕುಳೆಂದರೆ ಗುಣ ತುಂಬುವ ಬಾಗಿಲು. ಬಳ್ಳಿ ಕತ್ತರಿಸಿದ ಹಸಿ ಗಾಯಕ್ಕೆ ಚಿನ್ನದ ಪುಡಿ ಉದುರಿಸಿದರೆ ಮಗು ಅದೃಷ್ಟವಂತ, ನೀರುನಾಯಿಯ ಮೂಳೆ ತೇದು ಹಾಕಿದರೆ ಒಳ್ಳೆಯ ಈಜುಗಾರ, ಇರುವೆಗೂಡಿನ ಮಣ್ಣು ಹಾಕಿದರೆ ಮೈಗಳ್ಳನಾಗದ ದುಡಿಮೆಗಾರ. ಎಮೆರಿತಾಳ ಹೊಕ್ಕುಳಿಗೂ ಇರುವೆಗೂಡಿನ ಮಣ್ಣೇ ಬಿದ್ದಿತ್ತಂತೆ. ಒಂದು ಕಡೆ ಕೂತು ಅವಳಿಗೆ ಅಭ್ಯಾಸವಿಲ್ಲ. ಬೇರೆಯವರ ಮಕ್ಕಳಿಗೆ ಒಂದು ಚಿಟಿಕೆ ಪುಡಿ ಹಾಕುತ್ತಿದ್ದವಳು ಪಸೀಫಿಕಾಳ ಚೊಚ್ಚಲ ಮಗುವಿಗೆ ಎರಡು ಚಿಟಿಕೆ ಹಾಕಿದಳು. ಸ್ವಂತ ಮೊಮ್ಮಗನಲ್ಲವೇ! ಏಳನೆಯ ದಿನ ಅವನಿಗೆ ಹಾಡು ಎತ್ತಿಕೊಟ್ಟಳು. ಎರಡನೆಯದು ಹೆಣ್ಣು. ಅದಕ್ಕೂ ಕೈತುಂಬ ಹಾಕಿದಳು, ಅದಕ್ಕೂ ಹಾಡಿದಳು. ಅಳಬಾರದೆಂದು ಪಸೀಫಿಕಾ ತುಟಿ ಕಚ್ಚಿಕೊಂಡು ನಿಂತಿದ್ದಳು.

ಅದಾದ ಮೇಲೆ ದೋಣಿಯಲ್ಲಿ ಲಿಬಿಯಾ ಎಂಬ ನರ್ಸ್ ಬಂದಳು. ಬಸುರಿಯರಿಗೆ ಸೂಜಿ ಚುಚ್ಚಿದಳು. ಬ್ಲೇಡು ಕುದಿಸಿ, ಹೊಕ್ಕುಳು ಒಣಗುವವರೆಗೆ ಏನೂ ಮುಟ್ಟಿಸಬೇಡಿ, ಆ ಪುಡಿಯಿಂದಲೇ ದವಡೆ ಬಿಗಿಯುವುದು ಎಂದಳು. ಎಮೆರಿತಾ ಅವಳಿಗೆ ಮಂಗಳಾರತಿ ಎತ್ತಿದಳು. ನಿನಗೇನು ಗೊತ್ತು, ನೀನು ಎಷ್ಟು ಹೆತ್ತಿದ್ದೀಯ ಎಂದು ದಡದವರೆಗೂ ಬೈದುಕೊಂಡು ಹೋದಳು. ಬೈದು ಬಂದವಳಿಗೆ ಅನ್ನ ಸೇರಲಿಲ್ಲ. ನರ್ಸ್ ಹೇಳಿದ್ದು ಸುಳ್ಳಾದರೆ ಒಂದು ಪದ್ಧತಿ ಉಳಿಯುತ್ತದೆ. ನಿಜವಾದರೆ ಆ ಎರಡು ಮಕ್ಕಳನ್ನು ಕೊಂದವರು ಯಾರು?

ಮೂರನೆಯದು ಯಾನೇಸಾ. ಎಮೆರಿತಾ ಬ್ಲೇಡು ಕುದಿಸಿದಳು, ಹೊಕ್ಕುಳಿಗೆ ಏನೂ ಹಾಕಲಿಲ್ಲ, ಹೊರಗೆ ಬಂದು ಚಿನ್ನ ಹಾಕಿದ್ದೇನೆಂದು ಊರಿಗೆಲ್ಲ ಸಾರಿದಳು. ಎಂಟನೆಯ ದಿನ ಮಗು ಬಾಯಿ ತೆರೆದು ಕಿರುಚಿತು. ಅಂದಿನಿಂದ ಯಾವ ಮಗುವಿನ ಹಸಿ ಹೊಕ್ಕುಳಿಗೂ ಅವಳು ಪುಡಿ ಮುಟ್ಟಿಸಲಿಲ್ಲ. ಗಾಯ ಪೂರ್ತಿ ಒಣಗಿದ ಮೇಲೆ ಶಾಸ್ತ್ರಕ್ಕೆ ಅದರ ಮೇಲೆ ಒಂದಿಷ್ಟು ಸವರುತ್ತಿದ್ದಳು. ಊರಿಗೂ ಸಮಾಧಾನ, ಮಗುವಿಗೂ ಕ್ಷೇಮ. ಏಳು ದಿನದ ಕಾಯಿಲೆ ಹೇಳದೆ ಕೇಳದೆ ಊರು ಬಿಟ್ಟಿತು.

"ಬರೀಲಾ ಅಜ್ಜಿ?"

"ದೃಷ್ಟಿ ಅಲ್ಲ ಕಣೇ," ಎಂದಳು ಎಮೆರಿತಾ. "ನಾನು. ನಾನು ಹಾಕಿದ ಪುಡಿ. ನಿಮ್ಮಣ್ಣನ್ನೂ ಅಕ್ಕನ್ನೂ ಕೊಂದಿದ್ದು ಈ ಕೈ. ಬರ್ಕೋ."

ಯಾನೇಸಾ ಪೆನ್ನು ಎತ್ತಿಕೊಂಡಳು. "ಅಜ್ಜಿ ಅಂತ ಒಂದು ಕಾಯಿಲೆ ಇಲ್ಲ ಕಣಜ್ಜಿ," ಎಂದು ಮೆಲ್ಲಗೆ ಹೇಳಿದಳು. "ಇದರ ಹೆಸರು ಧನುರ್ವಾಯು." ಹಾಗೆಂದೇ ಬರೆದಳು.

ಎಮೆರಿತಾ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣೆಲ್ಲ ಮಗಳ ಬೆನ್ನಿನ ಮೇಲಿತ್ತು. ಬಾಳೆಕಾಯಿ ಸುಲಿಯುವ ಕೈ ನಿಂತಿತ್ತು.

"ನಂಗೆ ಗೊತ್ತಿತ್ತಮ್ಮಾ," ಎಂದಳು ಪಸೀಫಿಕಾ, ತಿರುಗದೆ.

"ಏನು ಗೊತ್ತಿತ್ತು?"

"ಚಿನ್ನ ಹಾಕಿದೆ ಅಂತ ನೀನು ಊರಿಗೆ ಹೇಳ್ಬಹುದು. ದಿನಾ ಬಟ್ಟೆ ಬಿಚ್ಚಿ ನೋಡ್ತಿದ್ದೋಳು ನಾನು. ಇವಳ ಹೊಕ್ಕುಳಲ್ಲಿ ಏನೂ ಇರ್ಲಿಲ್ಲ. ಇವಳು ಬದುಕಿಕೊಂಡ್ಲು. ಆಗಲೇ ಎಲ್ಲಾ ಅರ್ಥ ಆಯ್ತು. ಒಂದು ವರ್ಷ ನಿನ್ನ ಮುಖ ನೋಡೋಕಾಗ್ದೆ ಕೆಳಗಿನೂರಿಗೆ ಹೋಗಿದ್ದೆನಲ್ಲ, ನೆನಪಿದ್ಯಾ?"

"ಗಂಡನಿಗೆ ಅಲ್ಲಿ ಮರ ಕಡಿಯೋ ಕೆಲಸ ಸಿಕ್ಕಿದೆ ಅಂದಿದ್ದೆ."

"ನೀನು ದೃಷ್ಟಿ ಅಂದೆ, ನಾನು ಗಂಡನ ಕೆಲಸ ಅಂದೆ." ಪಸೀಫಿಕಾ ಈಗ ತಿರುಗಿದಳು. ಅವಳ ಕಣ್ಣು ತುಂಬಿತ್ತು, ದನಿಯಲ್ಲಿ ಮಾತ್ರ ಗದರಿಕೆಯಿತ್ತು. "ಆಮೇಲೆ ವಾಪಸ್ ಬಂದ್ನಲ್ಲ? ಇನ್ನೂ ನಾಲ್ಕು ಹೆತ್ನಲ್ಲ? ನಾಲ್ಕನ್ನೂ ಯಾರ ಕೈಗೆ ಕೊಟ್ಟೆ?"

ಎಮೆರಿತಾ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು.

"ಕೇಳ್ತಿದ್ದೀನಿ, ಹೇಳಮ್ಮಾ. ಯಾರ ಕೈಗೆ?"

"ನನ್ನ ಕೈಗೆ," ಎಂದಳು ಎಮೆರಿತಾ.